ಹಳೆಯ ಲ್ಯಾಪ್‌ಟಾಪಿಗೆ ಕ್ರೋಮ್‌ಓಎಸ್ ಫ್ಲೆಕ್ಸ್: ಯಾರು ಹಾಕಬೇಕು, ಯಾರು ಹಾಕಬಾರದು, ಹೇಗೆ ಹಾಕಬೇಕು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆಗಿದ್ದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕೆನ್ನುತ್ತದೆ. ಹಾಗಾಗಿ ದಾವಣಗೆರೆಯ ಹದಡಿ ರಸ್ತೆಯ ಒಳತಿರುವಿನಲ್ಲಿರುವ ನನ್ನ ರಿಪೇರಿ ಅಂಗಡಿಗೆ ಈಗ ಬರುವ ಲ್ಯಾಪ್‌ಟಾಪುಗಳಲ್ಲಿ ಕೆಟ್ಟವುಗಳಿಗಿಂತ ವಯಸ್ಸಾದವೇ ಹೆಚ್ಚು. ಕೌಂಟರಿನ ಮೇಲೆ ಚೀಲ ಇಟ್ಟ ಕೂಡಲೇ ಬರುವ ಮಾತು ಒಂದೇ: "ಮೇಡಂ, ಇದಕ್ಕೆ ಆ ಗೂಗಲ್‌ನವರದ್ದು ಹಾಕಿಕೊಡಿ. ಯೂಟ್ಯೂಬಿನಲ್ಲಿ ನೋಡಿದೆ, ಹೊಸದರ ಹಾಗೆ ಓಡುತ್ತದಂತೆ."

ಓಡುತ್ತದೆ, ಸುಳ್ಳಲ್ಲ. ಆದರೆ ನಾನು ಮೊದಲು ಚೀಲದ ಜಿಪ್ ತೆಗೆಯುವುದಿಲ್ಲ. ಒಂದು ಹಾಳೆ, ಒಂದು ಪೆನ್ನು ಕೊಡುತ್ತೇನೆ. ವಾರದಲ್ಲಿ ಈ ಕಂಪ್ಯೂಟರಿನಲ್ಲಿ ಏನೇನು ಕೆಲಸ ಮಾಡುತ್ತೀರಿ, ಮನೆಯಲ್ಲಿ ಬೇರೆ ಯಾರು ಏನು ಮಾಡುತ್ತಾರೆ, ಅದಕ್ಕೆ ಯಾವ್ಯಾವ ಸಾಮಾನು ಚುಚ್ಚುತ್ತೀರಿ, ಎಲ್ಲವನ್ನೂ ಬರೆಯಿರಿ ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಈ ವ್ಯವಸ್ಥೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರ ಇರುವುದು ಆ ಹಾಳೆಯಲ್ಲಿ, ಯಂತ್ರದಲ್ಲಿ ಅಲ್ಲ.

ಇದೇನು ವಸ್ತು

ಗೂಗಲ್ 2009ರಲ್ಲಿ ಕ್ರೋಮ್ ಓಎಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು (ಓಎಸ್) ಘೋಷಿಸಿತು. ಅಡಿಪಾಯ ಲಿನಕ್ಸ್, ಮೇಲೆ ಕಾಣುವುದು ಬಹುಪಾಲು ಕ್ರೋಮ್ ಬ್ರೌಸರ್. ಅದನ್ನು ಹಾಕಿಕೊಂಡೇ ಬರುವ ಕ್ರೋಮ್‌ಬುಕ್ಕುಗಳು 2011ರಲ್ಲಿ ಮಾರಾಟಕ್ಕೆ ಬಂದವು. ಹಳೆಯ ಕಂಪ್ಯೂಟರುಗಳಿಗೂ ಅದನ್ನು ಹೊಂದಿಸುವ ಕೆಲಸವನ್ನು ನ್ಯೂಯಾರ್ಕಿನ ನೆವರ್‌ವೇರ್ ಎಂಬ ಕಂಪನಿ ಕ್ಲೌಡ್‌ರೆಡಿ ಹೆಸರಿನಲ್ಲಿ ಮಾಡುತ್ತಿತ್ತು. 2020ರಲ್ಲಿ ಗೂಗಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. 2022ರಲ್ಲಿ ಅದೇ ಸರಕು ಕ್ರೋಮ್‌ಓಎಸ್ ಫ್ಲೆಕ್ಸ್ ಎಂದು ಹೊರಬಂತು. ಉಚಿತ.

ಇಲ್ಲೇ ಒಂದು ಗೊಂದಲ ಬಿಡಿಸಬೇಕು. ಅಂಗಡಿಯಲ್ಲಿ ಹೊಸದಾಗಿ ಸಿಗುವ ಕ್ರೋಮ್‌ಬುಕ್ ಬೇರೆ, ಹಳೆಯ ಲ್ಯಾಪ್‌ಟಾಪಿಗೆ ನಾವು ಹಾಕುವ ಫ್ಲೆಕ್ಸ್ ಬೇರೆ. ಕ್ರೋಮ್‌ಬುಕ್ಕಿನಲ್ಲಿ ಪ್ಲೇ ಸ್ಟೋರ್ ಇರುತ್ತದೆ, ಮೊಬೈಲಿನ ಆ್ಯಪ್‌ಗಳು ನಡೆಯುತ್ತವೆ. ಫ್ಲೆಕ್ಸಿನಲ್ಲಿ ಪ್ಲೇ ಸ್ಟೋರ್ ಇಲ್ಲ. ವಿಡಿಯೋಗಳಲ್ಲಿ ಎರಡನ್ನೂ ಕಲಸಿ ತೋರಿಸುತ್ತಾರೆ, ಜನ ಇಲ್ಲಿ ಬಂದು ನನ್ನ ಹತ್ತಿರ ಜಗಳ ಆಡುತ್ತಾರೆ.

ಹಾಳೆಯನ್ನು ಓದುವುದು ಹೇಗೆ

ಬರೆದ ಕೆಲಸಗಳ ಮುಂದೆ ಒಂದೊಂದಾಗಿ ಗುರುತು ಹಾಕುತ್ತಾ ಹೋಗಿ. ಬ್ರೌಸರಿನಲ್ಲಿ ಆಗುವ ಕೆಲಸವಾದರೆ ಸರಿ ಗುರುತು. ಸಿಡಿಯಿಂದಲೋ ಪೆನ್‌ಡ್ರೈವಿನಿಂದಲೋ "ಸೆಟಪ್" ಒತ್ತಿ ಹಾಕಿಕೊಂಡ ತಂತ್ರಾಂಶವಾದರೆ ತಪ್ಪು ಗುರುತು. ವಿಂಡೋಸಿಗಾಗಿ ಬರೆದ ಯಾವ ತಂತ್ರಾಂಶವೂ ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಬಹಳ ಮುಖ್ಯವಾದ ಕೆಲಸದ ಮುಂದೆ ಒಂದೇ ಒಂದು ತಪ್ಪು ಗುರುತು ಬಿದ್ದರೂ ಲ್ಯಾಪ್‌ಟಾಪನ್ನು ಹಾಗೇ ವಾಪಸ್ ಕಳಿಸುತ್ತೇನೆ.

ಮಂಡಿಪೇಟೆಯ ಲೆಕ್ಕಪತ್ರದವರು ಬಂದರೆ ನನ್ನ ಉತ್ತರ ಬೇಡ. ಅವರ ಜೀವ ಟ್ಯಾಲಿಯಲ್ಲಿದೆ, ಅದು ವಿಂಡೋಸಿನ ತಂತ್ರಾಂಶ. ಅದಕ್ಕಿಂತ ತೊಡಕಿನದ್ದು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಜಿಎಸ್‌ಟಿ ಜಾಲತಾಣ ಬ್ರೌಸರಿನಲ್ಲೇ ತೆರೆಯುತ್ತದೆ. ಸ್ವಂತ ಹೆಸರಿನ ವ್ಯಾಪಾರಿ ಮೊಬೈಲಿಗೆ ಬರುವ ಒಟಿಪಿಯಿಂದ ರಿಟರ್ನ್ ಸಲ್ಲಿಸಿ ಮುಗಿಸಬಹುದು. ಆದರೆ ಕಂಪನಿ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿದ್ದರೆ ಡಿಜಿಟಲ್ ಸಹಿಯೇ ಬೇಕು. ಆ ಟೋಕನ್ನಿನ ಚಾಲಕ ತಂತ್ರಾಂಶ (ಡ್ರೈವರ್) ಇದರಲ್ಲಿ ಕೂರುವುದಿಲ್ಲ. ರಿಟರ್ನಿನ ಕೊನೆಯ ದಿನ, ತಿಂಗಳ ಇಪ್ಪತ್ತನೇ ತಾರೀಖಿನ ಸಂಜೆ ಇದು ಗೊತ್ತಾದರೆ ಏನಾಗಬಹುದು ಎಂದು ನಾನು ಬೇರೆ ಹೇಳಬೇಕಿಲ್ಲ.

ಗ್ರಾಮ ಒನ್, ಸಿಎಸ್‌ಸಿ ಕೇಂದ್ರ ನಡೆಸುವವರಿಗೂ ಇದೇ ಮಾತು. ಜಗಳೂರು ಕಡೆಯಿಂದ, ಹೊಳಲ್ಕೆರೆ ಕಡೆಯಿಂದ ಇವರು ಹೆಚ್ಚಾಗಿ ಬರುತ್ತಾರೆ. ಸೇವಾ ಸಿಂಧು ಅರ್ಜಿ ತುಂಬುವುದಕ್ಕೆ, ವಿದ್ಯಾರ್ಥಿ ವೇತನದ ಅರ್ಜಿಗೆ, ಡಿಜಿಲಾಕರಿಗೆ ಬ್ರೌಸರ್ ಸಾಕು. ಹೆಬ್ಬೆಟ್ಟಿನ ಯಂತ್ರಕ್ಕೆ ಸಾಲದು. ಅದು ವಿಂಡೋಸಿನಲ್ಲೋ ಆಂಡ್ರಾಯ್ಡಿನಲ್ಲೋ ನಡೆಯುವ ಆರ್‌ಡಿ ಸೇವೆ ಎಂಬ ತಂತ್ರಾಂಶವನ್ನು ಕೇಳುತ್ತದೆ. ಲ್ಯಾಪ್‌ಟಾಪಿನಲ್ಲೇ ಇರುವ ಬೆರಳಚ್ಚು ಗುಂಡಿಯೂ ಫ್ಲೆಕ್ಸಿನಲ್ಲಿ ಕೆಲಸ ಮಾಡುವುದಿಲ್ಲ.

ಇನ್ನು ಕನ್ನಡ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಏಕೆಂದರೆ ಇಂಗ್ಲಿಷಿನ ಯಾವ ವಿಡಿಯೋದಲ್ಲೂ ಇದು ಇರುವುದಿಲ್ಲ. ಮುದ್ರಣಾಲಯ, ಡಿಟಿಪಿ ಅಂಗಡಿ, ವಕೀಲರ ಕಚೇರಿ, ಸಹಕಾರ ಸಂಘ ಎಲ್ಲ ಕಡೆ ವರ್ಷಗಟ್ಟಲೆ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳಿವೆ. ಇವುಗಳಲ್ಲಿ ಹಳೆಯವು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟಿನಿಂದ ಬರೆದವು. ಆ ಫಾಂಟು ಇರುವ ವಿಂಡೋಸಿನಲ್ಲಿ ಸೊಗಸಾಗಿ ಕಾಣುತ್ತವೆ. ಅದೇ ಕಡತವನ್ನು ಫ್ಲೆಕ್ಸಿನಲ್ಲಿ ಗೂಗಲ್ ಡಾಕ್ಸಿನಿಂದ ತೆರೆದು ನೋಡಿ: ಸಾಲುಸಾಲಾಗಿ ಇಂಗ್ಲಿಷ್ ಅಕ್ಷರ, ನಡುನಡುವೆ ಬಾಲವಿರುವ, ಬೊಟ್ಟಿಟ್ಟ ವಿಚಿತ್ರ ಚಿಹ್ನೆಗಳು. ಲಗ್ನಪತ್ರಿಕೆಯ ಒಕ್ಕಣೆ ಯಾವುದು, ಜಮೀನಿನ ಕರಾರು ಯಾವುದು ಗೊತ್ತಾಗುವುದಿಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಪಠ್ಯವನ್ನು ನಕಲಿಸಿ ಅಂಟಿಸಿದರೆ ಬಹುತೇಕ ಸರಿಯಾಗಿ ಬರುತ್ತದೆ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವಲ್ಲಿ ಕಣ್ಣಿಟ್ಟು ಓದಬೇಕು. ನಾಲ್ಕು ಕಡತಗಳಿದ್ದರೆ ಮಾಡಿಕೊಳ್ಳಿ. ನಾಲ್ಕು ಬೀರು ತುಂಬುವಷ್ಟಿದ್ದರೆ ವಿಂಡೋಸಿನಲ್ಲೇ ಇರಿ. ಪೇಜ್‌ಮೇಕರ್, ಕೋರಲ್‌ಡ್ರಾದಲ್ಲಿ ಕೆಲಸ ಮಾಡುವವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಚಹಾ ಕುಡಿಯಲು ಹೋಗಬಹುದು.

ಎಕ್ಸೆಲ್ ಬಳಸುವವರೂ ಒಂದು ವಿಷಯ ಗಮನಿಸಬೇಕು. ಎಕ್ಸೆಲ್, ವರ್ಡ್‌ಗಳ ವೆಬ್ ಆವೃತ್ತಿ ಉಚಿತವಾಗಿ ಸಿಗುತ್ತದೆ, ಗೂಗಲ್ ಶೀಟ್ಸಿನಲ್ಲೂ ಎಕ್ಸೆಲ್ ಕಡತ ತೆರೆಯುತ್ತದೆ. ಕೂಡಿ ಕಳೆಯುವ ಲೆಕ್ಕಕ್ಕೆ ಏನೂ ಕೊರತೆಯಿಲ್ಲ. ಆದರೆ ಯಾರೋ ಜಾಣ ಗುಮಾಸ್ತರು ಮ್ಯಾಕ್ರೋ ಬರೆದು, ಗುಂಡಿ ಒತ್ತಿದರೆ ಬಡ್ಡಿ ಲೆಕ್ಕ ಬರುವಂತೆ ಮಾಡಿಟ್ಟ ಹಾಳೆಗಳಿರುತ್ತವೆ. ಆ ಗುಂಡಿ ವೆಬ್ಬಿನಲ್ಲಿ ಅಲ್ಲಾಡುವುದಿಲ್ಲ.

ಹಾಗಾದರೆ ಸರಿ ಗುರುತುಗಳೇ ಬೀಳುವ ಹಾಳೆ ಯಾರದು? ವಿದ್ಯಾನಗರದ ನಿವೃತ್ತ ಮೇಷ್ಟ್ರದ್ದು: ದಿನಪತ್ರಿಕೆ, ಇಮೇಲ್, ಮೊಮ್ಮಗಳೊಂದಿಗೆ ವಿಡಿಯೋ ಕರೆ, ಪಿಂಚಣಿ ಬಂತೇ ಎಂದು ಬ್ಯಾಂಕಿನ ಪುಟ. ಪದವಿ ಓದುವ ಹುಡುಗಿಯದ್ದು: ನೋಟ್ಸಿನ ಪಿಡಿಎಫ್, ಗೂಗಲ್ ಕ್ಲಾಸ್‌ರೂಂ, ಅಸೈನ್‌ಮೆಂಟ್, ಫಲಿತಾಂಶ. ದಿನಸಿ ಅಂಗಡಿಯವರದ್ದು: ವಾಟ್ಸ್ಆ್ಯಪ್ ವೆಬ್ಬಿನಲ್ಲಿ ಆರ್ಡರ್, ಶೀಟ್ಸಿನಲ್ಲಿ ಉದ್ರಿ ಲೆಕ್ಕ. ಕಲ್ಯಾಣ ಮಂಟಪದ ಬುಕಿಂಗ್ ನೋಡಿಕೊಳ್ಳುವವರದ್ದು. ಇವರಿಗೆಲ್ಲ ನಾನೇ ಒತ್ತಾಯ ಮಾಡಿ ಹಾಕಿಸುತ್ತೇನೆ. ಝೆರಾಕ್ಸ್ ಅಂಗಡಿಯವರಿಗಂತೂ ಒಂದು ದೊಡ್ಡ ಲಾಭವಿದೆ. ಬಂದವರೆಲ್ಲ ಪೆನ್‌ಡ್ರೈವ್ ಚುಚ್ಚುತ್ತಾರೆ, ಅದರಲ್ಲಿ ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಡುವ ವೈರಸ್ ಇರುತ್ತದೆ. ಅದು ವಿಂಡೋಸಿಗಾಗಿ ಬರೆದದ್ದು. ಇಲ್ಲಿ ಅದಕ್ಕೆ ಕೈಕಾಲು ಆಡುವುದಿಲ್ಲ. ಆದರೆ ಅವರ ಪ್ರಿಂಟರ್ ಯಾವುದು ಎಂದು ನೋಡದೆ ಮುಂದುವರಿಯಬಾರದು, ಅದಕ್ಕೆ ಆಮೇಲೆ ಬರುತ್ತೇನೆ.

ಯಂತ್ರದ ಪರೀಕ್ಷೆ

ಗೂಗಲ್ ಕೇಳುವುದು ಇಷ್ಟು: 64 ಬಿಟ್‌ನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್, 4 ಜಿಬಿ ರ‍್ಯಾಮ್, 16 ಜಿಬಿ ಜಾಗ, ಪೆನ್‌ಡ್ರೈವಿನಿಂದ ಬೂಟ್ ಆಗುವ (ಎದ್ದೇಳುವ) ಸೌಕರ್ಯ, ಬಯೋಸ್ (ಓಎಸ್‌ಗೂ ಮುಂಚೆ ಏಳುವ ಯಂತ್ರದ ಸೆಟ್ಟಿಂಗ್ಸ್) ಒಳಗೆ ಹೋಗಲು ಪೂರ್ತಿ ಅನುಮತಿ. 2010ಕ್ಕಿಂತ ಹಿಂದಿನ ಪ್ರೊಸೆಸರ್ ಆದರೆ ಅನುಭವ ಚೆನ್ನಾಗಿರುವುದಿಲ್ಲ ಎಂದು ಅವರೇ ಹೇಳುತ್ತಾರೆ. ಚಿಕ್ಕ ನೆಟ್‌ಬುಕ್ಕುಗಳಲ್ಲಿ ಬರುತ್ತಿದ್ದ ಇಂಟೆಲ್ ಜಿಎಂಎ 500, 600, 3600, 3650 ಗ್ರಾಫಿಕ್ಸ್ ಆಗುವುದೇ ಇಲ್ಲ. ಅವನ್ನು ಗುಜರಿಗೆ ಕೊಡಿ. ಪರೀಕ್ಷಿಸಿ ಪ್ರಮಾಣೀಕರಿಸಿದ ಮಾದರಿಗಳ ಪಟ್ಟಿ ಗೂಗಲ್ ತಾಣದಲ್ಲಿದೆ. ನಿಮ್ಮ ಮಾದರಿ ಅದರಲ್ಲಿದೆಯೇ, ಅದಕ್ಕೆ ಬೆಂಬಲ ಯಾವ ವರ್ಷದವರೆಗೆ ಇದೆ ಎಂಬ ಎರಡನ್ನೂ ನೋಡಿ. ಪಟ್ಟಿಯಲ್ಲಿ ಇಲ್ಲದ ಮಾದರಿಯಲ್ಲೂ ನಡೆಯಬಹುದು, ಆದರೆ ಹೊಣೆ ನಿಮ್ಮದು.

4 ಜಿಬಿ ಎನ್ನುವುದು ಕನಿಷ್ಠ. ಅಷ್ಟರಲ್ಲಿ ಕೆಲವೇ ಟ್ಯಾಬ್ ತೆರೆದಿಟ್ಟರೆ ಮುಗ್ಗರಿಸುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಹಿಂದಿನ ಟ್ಯಾಬಿಗೆ ಹೋದಾಗಲೆಲ್ಲ ಪುಟ ಮತ್ತೆ ಲೋಡ್ ಆಗುತ್ತದೆ. ಸಾಧ್ಯವಾದರೆ 8 ಮಾಡಿಸಿ. ಹಾಗೆಯೇ, ಒಳಗಿರುವುದು ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆದರೆ ಕಿವಿ ಹತ್ತಿರ ತನ್ನಿ. ಟಕ್ ಟಕ್ ಎಂಬ ಸದ್ದು ಬಂದರೆ ಯಾವ ಓಎಸ್ ಹಾಕಿದರೂ ಅದು ಇವತ್ತೋ ನಾಳೆಯೋ ಹೋಗುವುದೇ. ಸಣ್ಣದೊಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. "ಹಗುರ ಓಎಸ್ ಹಾಕಿದೆ, ಎಷ್ಟು ವೇಗ ಬಂತು!" ಎನ್ನುವವರಲ್ಲಿ ಅರ್ಧ ಜನಕ್ಕೆ ವೇಗ ಬಂದದ್ದು ಎಸ್‌ಎಸ್‌ಡಿಯಿಂದ. ವಿಂಡೋಸ್ ಇಟ್ಟುಕೊಂಡೇ ಎಸ್‌ಎಸ್‌ಡಿ ಹಾಕಿಸಿದ್ದರೂ ಅಷ್ಟೇ ಸಂತೋಷಪಡುತ್ತಿದ್ದರು.

ಪೆನ್‌ಡ್ರೈವ್ ತಯಾರಿ

8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇದ್ದರೆ ಮೊದಲು ತೆಗೆದಿಡಿ. ಕೆಲಸ ಮಾಡುವ ಯಾವುದಾದರೂ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ಕ್ರೋಮ್ ವೆಬ್ ಸ್ಟೋರಿನಿಂದ "ಕ್ರೋಮ್‌ಬುಕ್ ರಿಕವರಿ ಯುಟಿಲಿಟಿ" ಎಂಬ ಎಕ್ಸ್‌ಟೆನ್ಷನ್ ಸೇರಿಸಿ. ಅದನ್ನು ಆರಂಭಿಸಿದಾಗ ಮಾದರಿ ಸಂಖ್ಯೆ ಕೇಳುತ್ತದೆ. ಟೈಪ್ ಮಾಡಬೇಡಿ, ಕೆಳಗಿರುವ "ಪಟ್ಟಿಯಿಂದ ಆರಿಸಿ" ಎಂಬ ಕೊಂಡಿ ಒತ್ತಿ. ತಯಾರಕರ ಜಾಗದಲ್ಲಿ ಗೂಗಲ್ ಕ್ರೋಮ್‌ಓಎಸ್ ಫ್ಲೆಕ್ಸ್, ಉತ್ಪನ್ನದ ಜಾಗದಲ್ಲಿ ಕ್ರೋಮ್‌ಓಎಸ್ ಫ್ಲೆಕ್ಸ್ ಆರಿಸಿ. ಆಮೇಲೆ ಪೆನ್‌ಡ್ರೈವ್ ಯಾವುದೆಂದು ತೋರಿಸಿ. ಇಲ್ಲಿ ಕಣ್ಣು ತೆರೆದಿರಲಿ: ಬ್ಯಾಕಪ್ಪಿನ ಹೊರ ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ಅದೂ ಪಟ್ಟಿಯಲ್ಲಿ ಕಾಣಬಹುದು. ಬೇರೆಲ್ಲ ಕಿತ್ತು ಒಂದೇ ಪೆನ್‌ಡ್ರೈವ್ ಇಟ್ಟುಕೊಳ್ಳುವುದು ನನ್ನ ಪದ್ಧತಿ.

ಇಳಿಸಿಕೊಳ್ಳುವ ಕಡತ ದೊಡ್ಡದು, ಮೊಬೈಲ್ ಡೇಟಾದಲ್ಲಿ ಮಾಡುವುದಾದರೆ ದಿನದ ಮಿತಿ ನೋಡಿಕೊಳ್ಳಿ. ಬರೆಯುವ ಹಂತ ನಿಧಾನ. ಮುಗಿಯಿತೆಂದು ಹೇಳುವವರೆಗೆ ಪೆನ್‌ಡ್ರೈವ್ ಕೀಳಬೇಡಿ.

ಹಾಕುವ ಮುಂಚೆ ಓಡಿಸಿ ನೋಡಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಜನ ಹಾರಿಸಿಬಿಡುವುದೂ ಇದನ್ನೇ.

ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಪಟಪಟ ಒತ್ತುತ್ತಿರಿ. ಡೆಲ್, ಲೆನೊವೊ, ಏಸರ್ ಆದರೆ ಎಫ್12. ಎಚ್‌ಪಿ ಆದರೆ ಎಸ್ಕೇಪ್ ಒತ್ತಿ ಎಫ್9. ಏಸಸ್ ಆದರೆ ಎಸ್ಕೇಪ್. ಹಳೆಯ ಆ್ಯಪಲ್ ಆದರೆ ಆಪ್ಷನ್ ಕೀಲಿಯನ್ನು ಹಿಡಿದುಕೊಂಡಿರಬೇಕು. ಕೆಲವು ಏಸರ್‌ಗಳಲ್ಲಿ ಎಫ್12 ಮೆನುವನ್ನು ಬಯೋಸ್ ಒಳಗೆ ಹೋಗಿ ಮೊದಲು ಚಾಲೂ ಮಾಡಬೇಕಾಗುತ್ತದೆ. ಕೆಲವು ಲೆನೊವೊಗಳಲ್ಲಿ ಪಕ್ಕದಲ್ಲೊಂದು ಸೂಜಿ ಮೊನೆಯಷ್ಟು ತೂತಿರುತ್ತದೆ, ಒಳಗಿನ ಗುಂಡಿಯನ್ನು ಸಿಮ್ ತೆಗೆಯುವ ಕಡ್ಡಿಯಿಂದ ಒತ್ತಬೇಕು. ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರು ಆರಿಸಿದರೆ ಸ್ವಲ್ಪ ಹೊತ್ತಿನಲ್ಲಿ ಸ್ವಾಗತದ ಪರದೆ ಬರುತ್ತದೆ. ಎರಡು ದಾರಿ ತೋರಿಸುತ್ತದೆ: ಈಗಲೇ ಸ್ಥಾಪಿಸಿ, ಅಥವಾ ಮೊದಲು ಪ್ರಯತ್ನಿಸಿ. ಎರಡನೆಯದನ್ನು ಒತ್ತಿ. ಒಳಗಿನ ಡಿಸ್ಕಿಗೆ ಕೈ ಹಚ್ಚದೆ ಪೆನ್‌ಡ್ರೈವಿನಿಂದಲೇ ಓಡುತ್ತದೆ. ಸ್ವಲ್ಪ ನಿಧಾನ ಅನಿಸಬಹುದು, ಅದು ಪೆನ್‌ಡ್ರೈವಿನ ನಿಧಾನ.

ಈಗ ಒಂದು ದಿನದ ನಿಜವಾದ ಕೆಲಸವನ್ನು ಅದರಲ್ಲೇ ಮಾಡಿ. ವೈಫೈ ಹಿಡಿಯಿತೇ? ಕೆಲವು ಹಳೆಯ ವೈಫೈ ಚಿಪ್ಪುಗಳು ಹಿಡಿಯುವುದಿಲ್ಲ. ಆಗ ಮೊಬೈಲನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಹಾಕಿದರೆ ಸದ್ಯಕ್ಕೆ ನಡೆಯುತ್ತದೆ. ಸ್ಪೀಕರಿನಲ್ಲಿ ಸದ್ದು ಬಂತೇ, ಇಯರ್‌ಫೋನ್ ಹಾಕಿದಾಗ ಸ್ಪೀಕರ್ ನಿಂತಿತೇ? ಗೂಗಲ್ ಮೀಟ್ ತೆರೆದು ಯಾರಿಗಾದರೂ ಕರೆ ಮಾಡಿ. ಕ್ಯಾಮೆರಾ, ಮೈಕ್ ಎರಡೂ ಒಟ್ಟಿಗೆ ಪರೀಕ್ಷೆ ಆಗುತ್ತದೆ. ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ. ನಿದ್ದೆಯಿಂದ ಏಳದ ಲ್ಯಾಪ್‌ಟಾಪುಗಳು ಕೆಲವಿವೆ, ಅಂಥದ್ದಾದರೆ ದಿನಕ್ಕೆ ನಾಲ್ಕು ಸಲ ತಲೆ ಬಿಸಿ. ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿ ನೋಡಿ. ಯೂಟ್ಯೂಬಿನ ಒಂದು ವಿಡಿಯೋ ಹಚ್ಚಿ ಫ್ಯಾನಿನ ಸದ್ದು ಕೇಳಿಸಿಕೊಳ್ಳಿ. ಹಳೆಯ ಪ್ರೊಸೆಸರುಗಳಿಗೆ ಈಗಿನ ವಿಡಿಯೋ ಬಿಡಿಸುವುದು ಭಾರ. ನಮ್ಮ ಊರಿನ ಏಪ್ರಿಲ್ ತಿಂಗಳಲ್ಲಿ ತೊಡೆಯ ಮೇಲಿಟ್ಟುಕೊಂಡು ನೋಡಿದರೆ ಗೊತ್ತಾಗುತ್ತದೆ. ವಿಡಿಯೋದ ಗುಣಮಟ್ಟವನ್ನು 480ಕ್ಕೆ ಇಳಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ.

ಪ್ರಿಂಟರ್ ಕೊನೆಯಲ್ಲಿ. ವೈಫೈ ಇರುವ ಈಚಿನ ಪ್ರಿಂಟರುಗಳನ್ನು ಇದು ತಾನಾಗಿ ಗುರುತಿಸುತ್ತದೆ. ಸಮಸ್ಯೆ ಇರುವುದು ಹಳೆಯ, ಬರೀ ಯುಎಸ್‌ಬಿಯ, ಅಗ್ಗದ ಲೇಸರ್ ಪ್ರಿಂಟರುಗಳಲ್ಲಿ. ಅವುಗಳಿಗೆ ಸ್ವಂತ ಬುದ್ಧಿ ಕಡಿಮೆ, ಪುಟವನ್ನು ಸಿದ್ಧಮಾಡುವ ಕೆಲಸವನ್ನೆಲ್ಲ ವಿಂಡೋಸಿನ ಚಾಲಕ ತಂತ್ರಾಂಶವೇ ಮಾಡುತ್ತಿರುತ್ತದೆ. ಅದಿಲ್ಲದಿದ್ದರೆ ಪ್ರಿಂಟರ್ ದೀಪ ಮಿಟುಕಿಸುತ್ತಾ ಸುಮ್ಮನೆ ಕೂರುತ್ತದೆ. ಝೆರಾಕ್ಸ್ ಅಂಗಡಿಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಹೆಚ್ಚಾಗಿ ಇರುವುದು ಇಂಥವೇ. ಆದ್ದರಿಂದ ಲ್ಯಾಪ್‌ಟಾಪ್ ಮಾತ್ರ ಅಂಗಡಿಗೆ ತಂದು ಪರೀಕ್ಷೆ ಮಾಡಿಸಿಕೊಂಡು ಹೋಗಬೇಡಿ. ಪ್ರಿಂಟರ್ ಇರುವಲ್ಲಿ ಪೆನ್‌ಡ್ರೈವಿನಿಂದ ಓಡಿಸಿ, ಒಂದು ಪುಟ ತೆಗೆದು ನೋಡಿ. ಸಿಡಿ, ಡಿವಿಡಿ ಡ್ರೈವಿಗೂ ಫ್ಲೆಕ್ಸಿನಲ್ಲಿ ಬೆಂಬಲವಿಲ್ಲ. ಮದುವೆಯ ಡಿವಿಡಿ ನೋಡುವ ಆಸೆ ಇದ್ದರೆ ಮೊದಲೇ ಕಂಪ್ಯೂಟರಿಗೆ ಇಳಿಸಿ ಎಂಪಿ4 ಮಾಡಿಸಿಟ್ಟುಕೊಳ್ಳಿ.

ಪೆನ್‌ಡ್ರೈವಿನಿಂದಲೇ ಖಾಯಂ ಓಡಿಸುತ್ತೇನೆ ಎನ್ನುವವರೂ ಇದ್ದಾರೆ. ಬೇಡ. ಹಾಗೆ ಓಡಿಸಿದರೆ ಅಪ್‌ಡೇಟ್ ಬರುವುದಿಲ್ಲ, ಗೂಗಲ್ ಕೂಡ ಅದನ್ನು ಪರೀಕ್ಷೆಗೆ ಮಾತ್ರ ಎನ್ನುತ್ತದೆ.

ಸ್ಥಾಪನೆ

ಸ್ಥಾಪಿಸಿದರೆ ಡಿಸ್ಕ್ ಪೂರ್ತಿ ಅಳಿಯುತ್ತದೆ. ಸಿ ಡ್ರೈವ್ ಅಳಿದು ಡಿ ಡ್ರೈವ್ ಉಳಿಯುವುದಿಲ್ಲ; ಎಲ್ಲವೂ ಹೋಗುತ್ತದೆ. ವಿಂಡೋಸ್ ಒಂದು ಕಡೆ, ಇದು ಒಂದು ಕಡೆ ಎಂದು ಎರಡನ್ನೂ ಇಟ್ಟುಕೊಳ್ಳುವ ಅಧಿಕೃತ ವ್ಯವಸ್ಥೆ ಇಲ್ಲ. ಬ್ಯಾಕಪ್ ತೆಗೆಯುವಾಗ ಜನ ಡಾಕ್ಯುಮೆಂಟ್ಸ್ ಫೋಲ್ಡರ್ ತೆಗೆದು ಮುಗಿಯಿತು ಎನ್ನುತ್ತಾರೆ. ನಮ್ಮ ಜನರ ನಿಜವಾದ ಆಸ್ತಿ ಇರುವುದು ಡೆಸ್ಕ್‌ಟಾಪಿನಲ್ಲಿ ಮತ್ತು ಡೌನ್‌ಲೋಡ್ಸಿನಲ್ಲಿ. ಆಧಾರ್ ಪ್ರತಿ, ಅಂಕಪಟ್ಟಿ, ಪಹಣಿ ಎಲ್ಲ ಅಲ್ಲೇ, "ನ್ಯೂ ಫೋಲ್ಡರ್ 3" ಒಳಗೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡಿ. ವಿಂಡೋಸ್ 8 ಅಥವಾ ಆಮೇಲಿನ ವಿಂಡೋಸ್ ಹಾಕಿಕೊಂಡೇ ಬಂದ ಲ್ಯಾಪ್‌ಟಾಪ್ ಆದರೆ ಅದರ ಕೀಲಿ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಮುಂದೆ ಮನಸ್ಸು ಬದಲಾದರೆ ವಿಂಡೋಸ್ ಮತ್ತೆ ಹಾಕಿಕೊಳ್ಳಬಹುದು. ಆದರೂ ಡಿಸ್ಕ್ ಅಳಿಸುವ ಮುಂಚೆ ವಿಂಡೋಸ್ ರಿಕವರಿಯ ಪೆನ್‌ಡ್ರೈವ್ ಒಂದನ್ನು ಮಾಡಿಟ್ಟುಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ.

ಇನ್ನುಳಿದದ್ದು ಸುಲಭ. ಪ್ರಯತ್ನಿಸಿ ನೋಡಿದ ಮೇಲೆ ಸೈನ್ ಔಟ್ ಮಾಡಿದರೆ ಪರದೆಯ ಕೆಳಗೆ ಸ್ಥಾಪಿಸುವ ಗುಂಡಿ ಕಾಣುತ್ತದೆ. ಒತ್ತಿ, ಎಚ್ಚರಿಕೆ ಓದಿ, ಒಪ್ಪಿ. ಇಪ್ಪತ್ತು ನಿಮಿಷದೊಳಗೆ ಮುಗಿದು ಯಂತ್ರ ತಾನೇ ಆರುತ್ತದೆ. ಪೆನ್‌ಡ್ರೈವ್ ಕಿತ್ತು ಆನ್ ಮಾಡಿ, ಗೂಗಲ್ ಖಾತೆಯಿಂದ ಒಳಗೆ ಹೋಗಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಕರೆಂಟ್ ಹೋಗುವ ವೇಳೆ ನೋಡಿಕೊಂಡು ಕೈ ಹಚ್ಚಿ.

ಮೊದಲ ದಿನವೇ ಮಾಡಿಡಬೇಕಾದವು

ಸೆಟ್ಟಿಂಗ್ಸಿನಲ್ಲಿ ಕೀಬೋರ್ಡ್ ಹುಡುಕಿ, ಇನ್‌ಪುಟ್ ವಿಧಾನಗಳಿಗೆ ಕನ್ನಡ ಸೇರಿಸಿ. ಉಚ್ಚಾರಕ್ಕೆ ತಕ್ಕಂತೆ ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಮೂಡುವ ವಿನ್ಯಾಸ ಸಿಗುತ್ತದೆ. ಕಂಟ್ರೋಲ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷಿಗೂ ಕನ್ನಡಕ್ಕೂ ಓಡಾಡಬಹುದು. ನುಡಿ ಕೀಲಿಮಣೆಗೆ ಒಗ್ಗಿದ ಬೆರಳುಗಳು ಮೊದಲು ಸ್ವಲ್ಪ ದಿನ ಬೈದುಕೊಳ್ಳುತ್ತವೆ. ಗೂಗಲ್ ಡಾಕ್ಸಿನ ಫಾಂಟ್ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿ ಇನ್ನಷ್ಟು ಅಕ್ಷರಗಳನ್ನು ಸೇರಿಸಿಕೊಳ್ಳಬಹುದು; "ಬೆಣ್ಣೆ" ಎಂಬ ಹೆಸರಿನದ್ದೂ ಒಂದಿದೆ, ದಾವಣಗೆರೆಯವರು ಅದನ್ನು ಬಿಟ್ಟು ಬೇರೆ ಆರಿಸುವುದುಂಟೇ.

ಆಮೇಲೆ ಆಫ್‌ಲೈನ್. "ನೆಟ್ ಇಲ್ಲದಿದ್ದರೆ ಇದು ಡಬ್ಬ" ಎಂಬ ಮಾತು ಅರ್ಧ ಸತ್ಯ. ಕಡತ ತೆರೆಯುವುದು, ಪಿಡಿಎಫ್ ಓದುವುದು, ಇಳಿಸಿಟ್ಟ ವಿಡಿಯೋ ನೋಡುವುದು ನೆಟ್ ಇಲ್ಲದೆಯೂ ಆಗುತ್ತದೆ. ಡಾಕ್ಸ್, ಶೀಟ್ಸ್ ಕೂಡ ಆಗುತ್ತವೆ, ಆದರೆ ನೆಟ್ ಇರುವಾಗಲೇ ಡ್ರೈವಿನ ಸೆಟ್ಟಿಂಗ್ಸಿಗೆ ಹೋಗಿ ಆಫ್‌ಲೈನ್ ಆಯ್ಕೆ ಚಾಲೂ ಮಾಡಿರಬೇಕು, ಬೇಕಾದ ಕಡತಗಳನ್ನು ಆಫ್‌ಲೈನಿಗೆ ಗುರುತಿಸಿರಬೇಕು. ಜಿಮೇಲಿಗೂ ಇಂಥದ್ದೇ ಆಯ್ಕೆಯಿದೆ. ಇದನ್ನು ಮಾಡಿಡದೆ ತೋಟದ ಮನೆಗೆ ಹೋಗಿ ಅಡಿಕೆ ಲೆಕ್ಕ ತೆರೆಯಲು ಹೊರಟರೆ ಆಗ ಅದು ನಿಜವಾಗಿ ಡಬ್ಬ. ಚನ್ನಗಿರಿ ಕಡೆಯ ಒಳಹಳ್ಳಿಗಳಿಂದ ಬರುವವರನ್ನು ನಾನು ಮೊದಲು ಕೇಳುವುದು, ಮನೆಯಲ್ಲಿ ಸಿಗ್ನಲ್ ಎಷ್ಟು ಕಡ್ಡಿ ಎಂದು.

ಡೌನ್‌ಲೋಡ್ಸ್ ಫೋಲ್ಡರಿನ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿರುತ್ತಾರೆ. ಗೂಗಲ್‌ನವರದ್ದು ಅಂದಮೇಲೆ ಎಲ್ಲವೂ ಮೇಲೆ ಮೋಡದಲ್ಲಿ ಭದ್ರ ಎಂದು. ಡೌನ್‌ಲೋಡ್ಸಿನಲ್ಲಿ ಇರುವುದು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುತ್ತದೆ. ಡ್ರೈವಿಗೆ ಎಳೆದು ಹಾಕಿದರೆ ಮಾತ್ರ ಮೇಲೆ ಹೋಗುತ್ತದೆ. ಇನ್ನೊಂದು: ಒಳಗಿನ ಕಡತಗಳಿಗೆ ನಿಮ್ಮ ಖಾತೆಯ ಪಾಸ್‌ವರ್ಡಿನ ಬೀಗವಿರುತ್ತದೆ. ಲ್ಯಾಪ್‌ಟಾಪ್ ಕಳುವಾದರೆ ಇದು ವರ. ಪಾಸ್‌ವರ್ಡ್ ಮರೆತು ಮೊಬೈಲಿನಲ್ಲಿ ಹೊಸದು ಇಟ್ಟುಕೊಂಡು ಬಂದರೆ, ಯಂತ್ರ ಹಳೆಯದನ್ನು ಕೇಳುತ್ತದೆ. ನೆನಪಿಲ್ಲವಾದರೆ ಸಾಮಾನ್ಯವಾಗಿ ಒಳಗಿದ್ದದ್ದು ಹೋಯಿತು, ನನ್ನಂಥವರ ಕೈಯಲ್ಲಿ ತೆಗೆಯಲು ಆಗುವುದಿಲ್ಲ. ಅಂಗಡಿಗೆ ಬಂದು "ಏನಾದರೂ ಮಾಡಿ ಅಕ್ಕ" ಎಂದು ಕೂತವರಿದ್ದಾರೆ. ಮಾಡಲು ಏನೂ ಇರುವುದಿಲ್ಲ.

ಉಚಿತ ಜಾಗ 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಮೊಬೈಲಿನ ಫೋಟೋಗಳಿಂದಲೇ ಅದು ತುಂಬಿಹೋಗಿರುವವರು ಲ್ಯಾಪ್‌ಟಾಪಿಗಾಗಿ ಬೇರೆ ಖಾತೆ ಮಾಡಿಕೊಳ್ಳುವುದು ಒಳ್ಳೆಯದು. ಮನೆಗೆ ಬಂದವರು ಬಳಸಲು ಕೇಳಿದರೆ ಅತಿಥಿಯಾಗಿ ಬ್ರೌಸ್ ಮಾಡುವ ದಾರಿ ಲಾಗಿನ್ ಪರದೆಯಲ್ಲೇ ಇದೆ, ಮುಗಿಸಿದ ಕೂಡಲೇ ಅವರ ಗುರುತೆಲ್ಲ ಅಳಿಯುತ್ತದೆ. ಸೈಬರ್ ಕೇಂದ್ರದವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಸಿಗದು.

ನನಗೆ ಮೆಚ್ಚಿಗೆಯಾದದ್ದು, ಆಗದ್ದು

ಅಪ್‌ಡೇಟ್ ಬರುವ ರೀತಿ ನನಗೆ ಬಹಳ ಇಷ್ಟ. ಡಿಸ್ಕಿನಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿಗೆ ಜಾಗವಿರುತ್ತದೆ. ನೀವು ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಹೊಸದು ಸದ್ದಿಲ್ಲದೆ ಇನ್ನೊಂದರಲ್ಲಿ ಕೂರುತ್ತದೆ. ಯಂತ್ರ ಆಫ್ ಮಾಡಿ ಆನ್ ಮಾಡಿದಾಗ ಹೊಸದರಿಂದ ಎದ್ದೇಳುತ್ತದೆ. ಅದು ಏಳದಿದ್ದರೆ ಹಳೆಯದಕ್ಕೆ ಮರಳುತ್ತದೆ. ಪರೀಕ್ಷೆಯ ಅರ್ಜಿಗೆ ಕೊನೆಯ ದಿನ, ಪರದೆಯ ಮೇಲೆ ನೀಲಿ ಬಣ್ಣದಲ್ಲಿ "ಶೇಕಡಾ 30 ಆಗಿದೆ, ಆರಿಸಬೇಡಿ" ಎಂಬ ದೃಶ್ಯ ಇದರಲ್ಲಿ ಇಲ್ಲ.

ಮೆಚ್ಚದಿರುವುದು, ಗೂಗಲ್ ಖಾತೆಯಿಲ್ಲದೆ ಇದರಲ್ಲಿ ಬಾಳುವೆ ಇಲ್ಲ ಎನ್ನುವುದು. ಆ ಖಾತೆಗೆ ಏನಾದರೂ ಆದರೆ ಕಂಪ್ಯೂಟರೂ ಕೈಕಟ್ಟಿ ನಿಲ್ಲುತ್ತದೆ. ಅದಕ್ಕಾಗಿ ಎರಡು ಹಂತದ ಪರಿಶೀಲನೆ, ಮನೆಯವರೊಬ್ಬರ ನಂಬರು ಸೇರಿಸಿದ ಮರುಪಡೆಯುವ ವ್ಯವಸ್ಥೆ ಎರಡನ್ನೂ ಮಾಡಿಸದೆ ನಾನು ಲ್ಯಾಪ್‌ಟಾಪ್ ಕೈಗೆ ಕೊಡುವುದಿಲ್ಲ. ಕ್ರೋಮ್‌ಓಎಸ್ ಮತ್ತು ಆಂಡ್ರಾಯ್ಡ್ ಎರಡನ್ನೂ ಒಂದೇ ವೇದಿಕೆಯಾಗಿ ಸೇರಿಸುತ್ತೇವೆ ಎಂದು ಗೂಗಲ್‌ನವರು 2025ರಲ್ಲಿ ಹೇಳಿದ್ದಾರೆ. ಹತ್ತು ವರ್ಷದ ಯೋಜನೆ ಇಟ್ಟುಕೊಂಡವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಹೇಗೂ ಸಾಯಲಿದ್ದ ಲ್ಯಾಪ್‌ಟಾಪಿಗೆ ಮೂರು ನಾಲ್ಕು ವರ್ಷ ಸಿಕ್ಕರೆ ಸಾಕು ಎನ್ನುವವರಿಗೆ ಇದು ಚಿಂತೆಯ ವಿಷಯವಲ್ಲ.

ಹಾಳೆಯಲ್ಲಿ ಒಂದೆರಡೇ ತಪ್ಪು ಗುರುತು ಇದ್ದು, ಅವು ವಿಂಡೋಸಿನವಲ್ಲ, ಬರೀ ನೆಟ್ ಇಲ್ಲದಿರುವುದು, ಫೋಟೋ ತಿದ್ದುವುದು, ಎಲ್ಲ ಬಗೆಯ ವಿಡಿಯೋ ನೋಡುವುದು, ಇಂಥವಾದರೆ ನಾನು ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಉಚಿತ ಓಎಸ್ ಹಾಕಿಕೊಡುತ್ತೇನೆ. ವರ್ಡ್, ಎಕ್ಸೆಲ್ ಬಗೆಯ ಕೆಲಸಕ್ಕೆ ಲಿಬ್ರೆಆಫೀಸ್ ಒಳಗೇ ಬರುತ್ತದೆ, ಖಾತೆ ಕೇಳುವುದಿಲ್ಲ, ಹಳೆಯ ಪ್ರಿಂಟರಿನೊಂದಿಗೆ ಜಗ್ಗಾಡಲು ಹೆಚ್ಚು ದಾರಿಗಳಿವೆ. ಕಲಿಯುವುದು ಸ್ವಲ್ಪ ಹೆಚ್ಚು. ಫ್ಲೆಕ್ಸಿನ ಒಳಗೇ ಲಿನಕ್ಸ್ ಚಾಲೂ ಮಾಡುವ ಆಯ್ಕೆ ಕೆಲವು ಮಾದರಿಗಳಲ್ಲಿ ಸಿಗುತ್ತದೆ. 4 ಜಿಬಿಯ ಯಂತ್ರದಲ್ಲಿ ಅದಕ್ಕೆ ಕೈ ಹಾಕಬೇಡಿ.

ಎಲ್ಲ ಮುಗಿದ ಮೇಲೆ ಪೆನ್‌ಡ್ರೈವನ್ನು ವಿಂಡೋಸಿಗೆ ಚುಚ್ಚಿದರೆ ಅದು ಹಲವು ತುಂಡುಗಳಾಗಿ ಕಾಣುತ್ತದೆ, ಫಾರ್ಮ್ಯಾಟ್ ಮಾಡಿ ಎಂದು ಮತ್ತೆ ಮತ್ತೆ ಕೇಳುತ್ತದೆ. ಪೆನ್‌ಡ್ರೈವ್ ಹಾಳಾಯಿತೆಂದು ಎಸೆಯಬೇಡಿ. ಅದೇ ರಿಕವರಿ ಯುಟಿಲಿಟಿ ತೆರೆದು, ಮೇಲಿನ ಮೂಲೆಯ ಹಲ್ಲುಚಕ್ರದ ಗುರುತು ಒತ್ತಿ, ರಿಕವರಿ ಮಾಧ್ಯಮವನ್ನು ಅಳಿಸುವ ಆಯ್ಕೆ ಆರಿಸಿ. ಆಮೇಲೆ ವಿಂಡೋಸಿನಲ್ಲಿ ಒಂದು ಸಲ ಫಾರ್ಮ್ಯಾಟ್ ಮಾಡಿದರೆ ಮೊದಲಿನಂತೆ ಬಳಸಬಹುದು.